ಜಡೆ ರಸ್ತೆಯ ಬಸ್ ನಿಲ್ದಾಣದಲ್ಲಿ ತೆಗೆದ ಒಂದು ಫೋಟೊದ ಪ್ರತಿ ಕೋರಿ

ಇವರಿಗೆ,
ಸನ್ಮಾನ್ಯ ‘ಮನೆಕಾವಲು’ ಆ್ಯಪ್ ಅವರು,
ಹಾಲಿ ವಾಸ: ತಿಳಿದುಬಂದಿಲ್ಲ.

ಇವರಿಂದ,
ಶಿವರಾಮ, ಅರ್ಜಿ ಬರೆಯುವವನು,
ತಾಲ್ಲೂಕು ಕಚೇರಿಯ ಎದುರು, ಹೊಂಗೆ ಮರದ ಕೆಳಗೆ, ಶಿಕಾರಿಪುರ.

ವಿಷಯ: ೨೦೨೦ನೇ ಇಸವಿ ಜೂನ್ ತಿಂಗಳಲ್ಲಿ ತಾವು ನನ್ನಿಂದ ಪಡೆದು ತಿರಸ್ಕರಿಸಿದ ಒಂದು ಫೋಟೊದ ಬಗ್ಗೆ.

ಮಾನ್ಯರೇ,

ತಮ್ಮ ಆರೋಗ್ಯ, ತಮ್ಮ ಸರ್ವರ್ ಮತ್ತು ತಮ್ಮ ನೆಟ್‌ವರ್ಕ್ ಮೂರೂ ಕ್ಷೇಮವಾಗಿವೆಯೆಂದು ನಂಬಿ, ಕೈಮುಗಿದು ಬರೆದುಕೊಳ್ಳುವುದೇನೆಂದರೆ, ಇಪ್ಪತ್ತೊಂಬತ್ತು ವರ್ಷಗಳಿಂದ ಈ ಹೊಂಗೆ ಮರದ ಕೆಳಗೆ ಕೂತು ಊರಿನವರೆಲ್ಲರ ಪರವಾಗಿ ‘ಮಾನ್ಯರೇ’ ಎಂದು ಬರೆದವನು ನಾನು. ನನ್ನ ಪರವಾಗಿ ನಾನೇ ಬರೆದುಕೊಳ್ಳುತ್ತಿರುವ ಮೊದಲ ಅರ್ಜಿ ಇದು, ಆದ್ದರಿಂದ ಸ್ವಲ್ಪ ಉದ್ದವಾದರೆ ತಾವು ದೊಡ್ಡ ಮನಸ್ಸು ಮಾಡಿ ಸಹಿಸಿಕೊಳ್ಳಬೇಕು. ನಾನು ತಮ್ಮನ್ನು ಹದಿನಾಲ್ಕು ದಿನ ಸಹಿಸಿಕೊಂಡಿದ್ದೇನೆ.

ತಮ್ಮನ್ನು ಮರೆತಿರಬಹುದಾದ ಓದುಗರಿಗಾಗಿ ತಮ್ಮ ಕೀರ್ತಿಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಕೊರೊನಾದ ಆ ಮೊದಲ ವರ್ಷ, ಸೋಂಕಿನ ಸಂಶಯವಿದ್ದವರು ತಮ್ಮ ತಮ್ಮ ಮನೆಯಲ್ಲೇ ಕ್ವಾರಂಟೈನ್ ಆಗಿದ್ದಾಗ, ಅವರು ನಿಜವಾಗಿಯೂ ಮನೆಯಲ್ಲಿದ್ದಾರೋ ಅಥವಾ ಸಂತೆಗೆ ಹೋಗಿದ್ದಾರೋ ಎಂದು ಅವರ ಫೋನಿನೊಳಗೇ ಕೂತು ಕಾಯುತ್ತಿದ್ದವರು ತಾವು. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಮ್ಮೆ ಕೂಗಿ, ಮುಖದ ಫೋಟೊ ತೆಗೆಸಿ, ಅದನ್ನು ಫೋನಿನಲ್ಲಿ ಉಳಿಸದೆ ನೇರವಾಗಿ ತಮ್ಮ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಿರಿ. ನನ್ನ ಹೆಂಡತಿ ನಾಗವೇಣಿ ಮದುವೆಯಾಗಿ ಅಲ್ಲಿಯವರೆಗಿನ ಮೂವತ್ತೆರಡು ವರ್ಷಗಳಲ್ಲಿ ‘ಎಲ್ಲಿದೀರಿ’ ಎಂದು ನನ್ನನ್ನು ಕೇಳಿದ್ದನ್ನೆಲ್ಲ ಕೂಡಿಸಿದರೂ ತಾವು ಒಂದು ವಾರದಲ್ಲಿ ಕೇಳಿದ್ದಕ್ಕೆ ಸಮನಾಗುವುದಿಲ್ಲ ಎಂಬುದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ.

ಈಗ ನಡೆದ ಸಂಗತಿಗೆ ಬರುತ್ತೇನೆ. ನಾಗವೇಣಿಯ ತವರು ಸೊರಬ ತಾಲ್ಲೂಕಿನ ಜಡೆಗೆ ಮೂರು ಕಿಲೋಮೀಟರ್ ಈಚೆಗಿರುವ ಒಂದು ಸಣ್ಣ ಊರು. ಹೆಸರು ಬರೆದರೆ ತಾವು ಮತ್ತೆ ಕಾವಲಿಗೆ ಬಂದೀರೆಂಬ ಭಯದಿಂದ ಬರೆದಿಲ್ಲ. ಅಲ್ಲಿ ಅವಳ ತಮ್ಮ ಆನಂದಪ್ಪ, ಅವನ ಹೆಂಡತಿ, ಮಗಳು ರೇಣುಕಾ, ಮತ್ತು ನನ್ನ ಅತ್ತೆ ದುರ್ಗಮ್ಮನವರು ಇದ್ದರು. ನಾನು ಆ ಮನೆಯ ಮೆಟ್ಟಿಲು ತುಳಿದು ಎಂಟು ವರ್ಷವಾಗಿತ್ತು. ಕಾರಣ ನನ್ನ ಕೈಬರಹ. ಒಮ್ಮೆ ಒಬ್ಬ ರೈತರು ಬಂದು, ತಮ್ಮ ಹೊಲಕ್ಕೆ ಹೋಗಲು ಪಕ್ಕದವರು ದಾರಿ ಬಿಡುತ್ತಿಲ್ಲ, ಒಂದು ಅರ್ಜಿ ಬರೆದುಕೊಡಿ ಎಂದರು. ಎದುರುದಾರರ ಹೆಸರು ಆನಂದಪ್ಪ ಬಿನ್ ಹನುಮಂತಪ್ಪ ಎಂದು ದುಂಡಗೆ ಬರೆದೆ, ಸರ್ವೆ ನಂಬರನ್ನೂ ದುಂಡಗೆ ಬರೆದೆ. ಆ ಹೆಸರಿನವರು ಊರಿಗೊಬ್ಬರಿದ್ದಾರೆ; ಅದು ನನ್ನ ಮಾವನ ಗದ್ದೆಯೆಂದು ನನಗೆ ಹೊಳೆಯಲಿಲ್ಲ, ಏಕೆಂದರೆ ನಾವು ಕೂತು ಉಂಡ ಮನೆಯ ಗದ್ದೆಗೂ ಒಂದು ಸರ್ವೆ ನಂಬರ್ ಇರುತ್ತದೆಂದು ಯಾರಿಗೂ ಹೊಳೆಯುವುದಿಲ್ಲ. ಅರ್ಜಿ ಎಷ್ಟು ಚೆನ್ನಾಗಿತ್ತೆಂದರೆ ಮೂರೇ ತಿಂಗಳಲ್ಲಿ ದಾರಿ ಬಿಡಬೇಕೆಂದು ಆದೇಶವಾಯಿತು. ಆದೇಶದ ಜೊತೆ ಬಂದ ಅರ್ಜಿಯ ಪ್ರತಿ ನೋಡಿ ಆನಂದಪ್ಪ ಅಕ್ಷರ ಗುರುತಿಸಿದ. ‘ನಮ್ಮ ಗದ್ದೆ ನಡುವೆ ದಾರಿ ಬಿಡ್ಸಿದ್ದು ಭಾವನ ಕೈ. ಆ ಕೈ ಇನ್ನು ನಮ್ಮನೇಲಿ ತೊಳಿಯಾದು ಬ್ಯಾಡ’ ಎಂದು ಅಕ್ಕನಿಗೆ ಹೇಳಿದನಂತೆ. ಅಂದಿನಿಂದ ನಾಗವೇಣಿಯನ್ನು ತವರಿಗೆ ಬಿಡಲು ಹೋದಾಗಲೆಲ್ಲ ನಾನು ಬಸ್ ನಿಲ್ದಾಣದಲ್ಲೇ ಬೈಕು ನಿಲ್ಲಿಸಿ, ಅವಳನ್ನು ಇಳಿಸಿ, ಅಲ್ಲಿಂದಲೇ ವಾಪಸು ಬರುತ್ತಿದ್ದೆ. ನಿಲ್ದಾಣದಿಂದ ಆ ಮನೆ ಇನ್ನೂರು ಹೆಜ್ಜೆಯ ಮೇಲೆ ಸ್ವಲ್ಪ. ಜಗಲಿಯಲ್ಲಿ ಯಾರು ಕೂತಿದ್ದಾರೆಂದು ಕಾಣುತ್ತದೆ, ಏನು ಮಾತಾಡುತ್ತಿದ್ದಾರೆಂದು ಕೇಳುವುದಿಲ್ಲ.

ಆ ಜೂನ್ ಮೊದಲ ವಾರ ರೇಣುಕಾಳ ಮದುವೆಯ ತಯಾರಿಗೆಂದು ನಾಗವೇಣಿಯನ್ನು ಕರೆದುಕೊಂಡು ಹೋಗಿ ಎಂದಿನಂತೆ ನಿಲ್ದಾಣದಲ್ಲಿ ಇಳಿಸುತ್ತಿದ್ದೆ. ಫೋನು ಬಂತು. ಆರೋಗ್ಯ ಇಲಾಖೆಯ ಯಲ್ಲಪ್ಪ ಎಂಬುವರು. ನಾಲ್ಕು ದಿನದ ಹಿಂದೆ ಸೊಲ್ಲಾಪುರದಿಂದ ಬಂದಿದ್ದ ಒಬ್ಬರಿಗೆ ನಾನು ಪಾಸಿನ ಅರ್ಜಿ ಬರೆದುಕೊಟ್ಟಿದ್ದೆನೆಂದೂ, ಅವರಿಗೆ ಪಾಸಿಟಿವ್ ಬಂದಿದೆಯೆಂದೂ, ನಾನು ಪ್ರಾಥಮಿಕ ಸಂಪರ್ಕವೆಂದೂ ತಿಳಿಸಿದರು. ‘ಈಗ ಎಲ್ಲಿದೀರಿ?’ ಎಂದರು. ಬಸ್‌ಸ್ಟ್ಯಾಂಡಿನಲ್ಲಿದ್ದೇನೆ ಎಂದೆ. ‘ಅಲ್ಲೇ ಇರ್ರಿ. ಅಲ್ಲಾಡಬ್ಯಾಡ್ರಿ. ಮುಟ್ಟಬ್ಯಾಡ್ರಿ ಏನನ್ನೂ’ ಎಂದರು. ನಾನು ಬೈಕಿನ ಹ್ಯಾಂಡಲ್ ಬಿಟ್ಟೆ, ಬೈಕು ಬಿತ್ತು.

ಒಂದು ಗಂಟೆಯಲ್ಲಿ ಯಲ್ಲಪ್ಪನವರು ತಮ್ಮ ಅಳತೆಗಿಂತ ಎರಡು ಪಟ್ಟು ದೊಡ್ಡದಾದ ನೀಲಿ ನಿಲುವಂಗಿ ತೊಟ್ಟು ಬಂದರು. ನಾಗವೇಣಿ ಬರೀ ದ್ವಿತೀಯ ಸಂಪರ್ಕವೆಂದು ತೀರ್ಮಾನಿಸಿ ಅವಳನ್ನು ತವರಿಗೆ ಕಳಿಸಿದರು. ನನ್ನ ಎಡಗೈ ಮೇಲೆ ಮೊಹರು ಒತ್ತಿದರು. ಜೀವಮಾನವೆಲ್ಲ ಬೇರೆಯವರ ಕಾಗದಕ್ಕೆ ಕಚೇರಿಯ ಮೊಹರು ಬೀಳಲೆಂದು ಕಾದವನಿಗೆ, ಕೇಳದೆಯೇ ಮೈಮೇಲೆ ಮೊಹರು ಬಿದ್ದದ್ದು ಒಂದು ಕ್ಷಣ ಹೆಮ್ಮೆಯೆನಿಸಿತು. ನಾನು ನನ್ನದೇ ದೃಢೀಕೃತ ಪ್ರತಿಯಾಗಿದ್ದೆ. ನಂತರ ತಮ್ಮನ್ನು ನನ್ನ ಫೋನಿಗೆ ಇಳಿಸಬೇಕಿತ್ತು. ಆ ಊರಿನಲ್ಲಿ ನೆಟ್‌ವರ್ಕ್ ಸಿಗುವುದು ಬಸ್ ನಿಲ್ದಾಣದ ಕಲ್ಲುಕಟ್ಟೆಯ ಮೇಲೆ ಮಾತ್ರ, ಅದೂ ಬಲತುದಿಯಲ್ಲಿ. ಅಲ್ಲಿ ಕೂತು ಯಲ್ಲಪ್ಪನವರು ತಮ್ಮನ್ನು ಇಳಿಸಿ, ‘ನಾನು ಈಗ ನನ್ನ ಮನೆಯಲ್ಲಿದ್ದೇನೆ’ ಎಂಬ ಹಸಿರು ಗುಂಡಿಯನ್ನು ಕೈಗವಸಿನ ಬೆರಳಿನಿಂದ ಒತ್ತಿದರು. ಮಾನ್ಯರೇ, ಮನುಷ್ಯ ಮನೆ ಕಟ್ಟಲು ಎಷ್ಟು ಕಷ್ಟಪಡುತ್ತಾನೆ. ನನಗೆ ಒಂದು ಬೆರಳಿನಲ್ಲಿ ಆಯಿತು.

ಆ ಕಟ್ಟೆಯೇ ನನ್ನ ಮನೆಯೆಂದು ದಾಖಲಾದದ್ದು ಮೊದಲು ನಮಗೆ ತಿಳಿಯಲಿಲ್ಲ. ನಾಗವೇಣಿ ತಮ್ಮನ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡು, ಕೊಟ್ಟಿಗೆಯ ಪಕ್ಕದ ಕೋಣೆಯನ್ನು ನನಗೆ ಬಿಡಿಸಿದ್ದಳು. ನಾನು ಎಂಟು ವರ್ಷದ ಸಂಕೋಚವನ್ನು ನುಂಗಿಕೊಂಡು ಆ ಕಡೆ ಐವತ್ತು ಹೆಜ್ಜೆ ಹಾಕಿರಬೇಕು, ತಾವು ಜೇಬಿನಲ್ಲಿ ಕಿರುಚಿಕೊಂಡಿರಿ. ‘ತಾವು ಮನೆ ಬಿಟ್ಟು ಹೊರಗೆ ಬಂದಿದ್ದೀರಿ. ಕೂಡಲೇ ಮನೆಗೆ ಹಿಂದಿರುಗಿ.’ ನಾನು ನಿಂತೆ. ಹಿಂದಿರುಗಿ ಕಟ್ಟೆಯ ಮೇಲೆ ಕೂತೆ. ‘ಧನ್ಯವಾದಗಳು. ತಾವು ಮನೆಯಲ್ಲಿ ಸುರಕ್ಷಿತವಾಗಿದ್ದೀರಿ’ ಎಂದಿರಿ. ಯಲ್ಲಪ್ಪನವರು ಫೋನನ್ನು ತಿರುಗಿಸಿ ನೋಡಿ, ಸಹಾಯವಾಣಿಗೆ ಕರೆ ಮಾಡಿದರು. ಕನ್ನಡಕ್ಕೆ ಒಂದು ಒತ್ತಿ, ಕೆಮ್ಮಿದ್ದರೆ ಎರಡು ಒತ್ತಿ, ಕೊನೆಗೆ ಒಬ್ಬ ಹೆಣ್ಣುಮಗಳು ಸಿಕ್ಕಿ, ಒಮ್ಮೆ ದಾಖಲಾದ ಮನೆಯನ್ನು ಬದಲಾಯಿಸಲು ಕ್ವಾರಂಟೈನ್ ಮುಗಿದ ನಂತರ ಅರ್ಜಿ ಸಲ್ಲಿಸಬಹುದೆಂದು ಬಹಳ ಮೃದುವಾಗಿ ಹೇಳಿದರು. ಮೂರು ಸಲ ಮನೆ ಬಿಟ್ಟರೆ ಕೇಸು ಹಾಕಿ ಸೊರಬದ ಹಾಸ್ಟೆಲ್ಲಿಗೆ ಒಯ್ಯುತ್ತಾರೆಂದೂ, ನನ್ನ ಸಂಬಂಧದ ಮನೆಗಳನ್ನೆಲ್ಲ ಸೀಲ್ ಮಾಡುತ್ತಾರೆಂದೂ ಅಷ್ಟೇ ಮೃದುವಾಗಿ ಸೇರಿಸಿದರು. ಒಂದು ಸಲ ಆಗಲೇ ಆಗಿಹೋಗಿತ್ತು. ಮನೆ ಸೀಲಾದರೆ ಮದುವೆ ನಿಲ್ಲುತ್ತದೆ, ಆಮೇಲೆ ಆಷಾಢ. ‘ಆ್ಯಪ್ ಹೇಳಿದ ಮೇಲೆ ಮುಗೀತ್ರಿ. ನಿಮ್ಮನಿ ಇದೇ’ ಎಂದು ಯಲ್ಲಪ್ಪನವರು ನಿಟ್ಟುಸಿರಿಟ್ಟು, ‘ಈ ಮನೆಯಲ್ಲಿ ಕ್ವಾರಂಟೈನ್ ವ್ಯಕ್ತಿ ಇದ್ದಾರೆ, ಯಾರೂ ಭೇಟಿ ನೀಡಬೇಡಿ’ ಎಂಬ ಚೀಟಿಯನ್ನು ನಿಲ್ದಾಣದ ಗೋಡೆಗೆ ಅಂಟಿಸಿ ಹೋದರು. ಜೊತೆಗೆ ಕೊಟ್ಟ ಸೂಚನಾ ಪತ್ರದಲ್ಲಿ, ಗಾಳಿ ಬೆಳಕು ಚೆನ್ನಾಗಿರುವ ಪ್ರತ್ಯೇಕ ಕೋಣೆಯಲ್ಲಿ ಇರಬೇಕೆಂದು ಬರೆದಿತ್ತು. ನನ್ನ ಮನೆಗೆ ಮೂರೇ ಗೋಡೆಗಳಿದ್ದುದರಿಂದ ಆ ವಿಷಯದಲ್ಲಿ ರಾಜ್ಯದಲ್ಲಿ ನನ್ನಷ್ಟು ನಿಷ್ಠೆಯಿಂದ ಸೂಚನೆ ಪಾಲಿಸಿದವರು ಇರಲಾರರು.

ಮರುದಿನದಿಂದ ಸರ್ಕಾರದ ಸಮಸ್ತ ಸಂಪನ್ಮೂಲಗಳೂ ನನ್ನ ಕಡೆ ಹರಿದುಬಂದವು. ಪಂಚಾಯ್ತಿಯವರು ದಿನಕ್ಕೆರಡು ಸಲ ಔಷಧಿ ಸಿಂಪಡಿಸಲು ಬಂದರು. ಮನೆಯ ಒಳಗೂ ಹೊರಗೂ ಸಿಂಪಡಿಸಬೇಕೆಂಬ ಆದೇಶವಿದ್ದು, ನನ್ನ ಮನೆಯ ಒಳಗೆ ನಾನೊಬ್ಬನೇ ಸಾಮಾನು ಇದ್ದುದರಿಂದ, ನಾನು ಕೊಡೆ ಬಿಚ್ಚಿ ಕೂರುತ್ತಿದ್ದೆ. ಜ್ವರ ನೋಡುವ ಗನ್ನಿನವರು ಬಂದು ಹಣೆಗೆ ಹಿಡಿದು, ‘ತೊಂಬತ್ತೊಂದು ತೋರಿಸ್ತದೆ, ಕಮ್ಮಿ ಇದ್ರೆ ಒಳ್ಳೇದು’ ಎಂದು ಬರೆದುಕೊಂಡು ಹೋದರು. ದಿನಕ್ಕೊಂದೇ ಬರುತ್ತಿದ್ದ ಬಸ್ಸಿನ ಕಂಡಕ್ಟರ್ ಗೋಡೆಯ ಚೀಟಿ ಓದಿ, ಎರಡು ಸಲ ಸೀಟಿ ಊದಿ ಬಸ್ಸನ್ನು ಮುಂದೆ ಓಡಿಸಿಬಿಟ್ಟರು. ಮುಂದೆ ನಿಲ್ಲಿಸಲು ಅಗಲವಾದ ಜಾಗ ಇದ್ದುದು ಆನಂದಪ್ಪನ ಮನೆಯ ಎದುರು. ಅಲ್ಲಿಂದಾಚೆಗೆ ಬಸ್ಸು ಅಲ್ಲೇ ನಿಲ್ಲತೊಡಗಿತು, ಬಸ್ಸಿಗೆ ಕಾಯುವವರು ಅವನ ಜಗಲಿಯ ಮೇಲೆ ಕೂರತೊಡಗಿದರು, ನೀರು ಕೇಳತೊಡಗಿದರು. ಹೀಗೆ ತಮ್ಮ ದಯೆಯಿಂದ ನಿಲ್ದಾಣ ಮನೆಯಾಯಿತು, ಮನೆ ನಿಲ್ದಾಣವಾಯಿತು, ಮತ್ತು ಇಡೀ ತಾಲ್ಲೂಕಿನಲ್ಲಿ ಯಾರೂ ಇದನ್ನು ಅಸಹಜವೆಂದು ಭಾವಿಸಲಿಲ್ಲ.

ನನಗೆ ಊಟ ತರುವ ಕೆಲಸವನ್ನು ಅತ್ತೆ ದುರ್ಗಮ್ಮನವರು ತಾವಾಗಿಯೇ ವಹಿಸಿಕೊಂಡರು. ಆಗ ಅವರಿಗೆ ಎಂಬತ್ತರ ಹತ್ತಿರ. ವಯಸ್ಸಾದವರು ಹೊರಗೆ ಬರಬಾರದೆಂದು ಸೂಚನಾ ಪತ್ರದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ನಾನು ದೂರದಿಂದ ಓದಿ ಹೇಳಿದೆ. ‘ಬಸ್‌ಸ್ಟ್ಯಾಂಡಿಗೆ ಬರಾಕೆ ಯಾರಪ್ಪಣೆ ಬೇಕು? ನಾ ಬಸ್ಸಿಗೆ ಕಾಯ್ತಿದೀನಿ’ ಎಂದರು. ಬಸ್ಸು ಈಗ ಇಲ್ಲಿ ನಿಲ್ಲುವುದಿಲ್ಲ ಅತ್ತೆ ಎಂದೆ. ‘ನಿಲ್ಲದಿದ್ರೆ ಬಿಡ್ಲಿ. ನಾ ಎಲ್ಲಿಗೂ ಹೋಗಾದೂ ಇಲ್ಲ’ ಎಂದು ಕಟ್ಟೆಯ ಎಡತುದಿಯಲ್ಲಿ ಬುತ್ತಿ ಇಟ್ಟು, ರಸ್ತೆಯಾಚೆಯ ಕಲ್ಲಿನ ಮೇಲೆ ಕೂತರು. ದಿನಾ ಎರಡು ಹೊತ್ತು ಹೀಗೆ ಕೂತು ಮಾತಾಡುತ್ತಿದ್ದರು. ನಾನು ಅವರ ಅಳಿಯನಾಗಿ ಮೂವತ್ತೆರಡು ವರ್ಷವಾಗಿದ್ದರೂ ‘ಬಂದ್ಯಾ, ಉಂಡ್ಯಾ, ಹೊಂಟ್ಯಾ’ ಎಂಬ ಮೂರು ಮಾತುಗಳಾಚೆ ನಮ್ಮ ನಡುವೆ ಏನೂ ನಡೆದಿರಲಿಲ್ಲ. ಅವರು ಹುಡುಗಿಯಾಗಿದ್ದಾಗ ಜಡೆಯ ಶಾಲೆಗೆ ಎರಡು ವರ್ಷ ಹೋಗಿದ್ದರಂತೆ, ಹಾಜರಿ ಕೂಗಿದಾಗ ‘ಬಂದೀನಿ’ ಎಂದು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದರಂತೆ. ಒಂದು ದಿನ ಕೇಳದೆಯೇ ಹೇಳಿದರು: ‘ಆ ಗದ್ದೆ ದಾರಿ ಐತಲ್ಲ, ನೀ ಬಿಡ್ಸಿದ್ದು, ಈಗ ಚಲೋ ಆಗೈತೆ ಕಣಪ್ಪ. ಸೊಪ್ಪು ತರಾಕೆ ನಾನೇ ಆ ದಾರೀಲಿ ಹೋಗ್ತೀನಿ. ಆನಂದ ಇದ್ದಾಗ ಹೇಳಲ್ಲ ಅಷ್ಟೇ.’

ನಡುನಡುವೆ ತಾವು ಕೂಗುತ್ತಿದ್ದಿರಿ. ನಾನು ಫೋನು ಎತ್ತಿ ಮುಖ ತೋರಿಸುತ್ತಿದ್ದೆ. ಅತ್ತೆಯವರಿಗೆ ಫೋಟೊ ಎಂದರೆ ಆಗದು; ಯಾರಾದರೂ ಕ್ಯಾಮೆರಾ ಎತ್ತಿದರೆ ಸೆರಗು ಎಳೆದುಕೊಂಡು ಒಳಗೆ ಹೋಗಿಬಿಡುವವರು. ಅದೇನು ಗಂಟೆಗೊಮ್ಮೆ ಎಂದು ಕೇಳಿದರು. ಭಯಪಟ್ಟು ಎದ್ದುಹೋದಾರೆಂದು, ಅದು ಹಾಜರಿ ಅತ್ತೆ, ಸರ್ಕಾರದವರು ಕರೆಯುತ್ತಾರೆ, ನಾನು ಇದ್ದೇನೆ ಅನ್ನಬೇಕು ಎಂದೆ. ‘ಹಾಜರೀನಾ? ಹಂಗಾರೆ ಹೇಳು, ಹೇಳು’ ಎಂದು ಅಂದಿನಿಂದ ತಾವು ಕೂಗಿದಾಗಲೆಲ್ಲ ನನಗಿಂತ ಮೊದಲು ಅವರೇ ಎಚ್ಚರಿಸುತ್ತಿದ್ದರು.

ಐದನೆಯ ದಿನ ಆನಂದಪ್ಪ ಬಂದ. ನನ್ನನ್ನು ನೋಡಲಿಲ್ಲ, ಮೈಲಿಕಲ್ಲಿನ ಕಡೆ ಮುಖ ಮಾಡಿ ನಿಂತು, ‘ಇಲ್ಲಿ ಯಾರಾದ್ರೂ ಅರ್ಜಿ ಬರೆಯೋರು ಇದ್ರೆ, ಮದುವೆ ಪರ್ಮಿಷನ್ನಿಗೆ ತಹಶೀಲ್ದಾರ್‌ಗೆ ಒಂದು ಬರೀಬೇಕಿತ್ತು’ ಎಂದು ಗಾಳಿಗೆ ಹೇಳಿದ. ಆಗ ಮದುವೆಗೆ ಐವತ್ತೇ ಜನ ಎಂದು ನಿಯಮವಿದ್ದು, ಐವತ್ತು ಹೆಸರಿನ ಪಟ್ಟಿ ಕೊಟ್ಟು ಅನುಮತಿ ಪಡೆಯಬೇಕಿತ್ತು. ನಾನು ಚೀಲದಿಂದ ಕಾಗದ ತೆಗೆದು, ವೃತ್ತಿಧರ್ಮಕ್ಕೆ ತಕ್ಕಂತೆ, ಅರ್ಜಿದಾರರ ಹೆಸರೇನೆಂದು ಕೇಳಿದೆ. ‘ಆನಂದಪ್ಪ ಬಿನ್ ಹನುಮಂತಪ್ಪ’ ಎಂದ. ಸರ್ವೆ ನಂಬರ್ ಎಂದೆ. ‘ಅದು ನಿಮಗೆ ಬಾಯಿಪಾಠ ಐತಲ್ಲ’ ಎಂದ. ಆಮೇಲೆ ಅವನು ಮೈಲಿಕಲ್ಲಿಗೆ ಒಂದೊಂದೇ ಹೆಸರು ಹೇಳುತ್ತಾ ಹೋದ, ನಾನು ಬರೆಯುತ್ತಾ ಹೋದೆ. ನಲವತ್ತೊಂಬತ್ತಕ್ಕೆ ನಿಲ್ಲಿಸಿದ. ‘ಐವತ್ತನೇದು ಖಾಲಿ ಬಿಡಿ. ನಾ ತುಂಬ್ಕಂತೀನಿ’ ಎಂದು ಕಾಗದ ತೆಗೆದುಕೊಂಡು ಹೋದ. ಫೋಟೊಗ್ರಾಫರಿಗೋ ವಾಲಗದವರಿಗೋ ಇರಬೇಕೆಂದುಕೊಂಡೆ.

ಮದುವೆ ಹನ್ನೊಂದನೆಯ ದಿನ ಬಂತು. ಗಂಡಿನ ಕಡೆಯವರು ಈಸೂರಿನವರು. ದಾರಿಯಲ್ಲಿ ನನ್ನ ಚೀಟಿ ಓದಿ ಹೆದರಿ ವಾಪಸು ಹೋದಾರೆಂದು ನಾಗವೇಣಿ ಬೆಳಗಿನಿಂದ ಜಗಲಿಗೂ ರಸ್ತೆಗೂ ಓಡಾಡುತ್ತಿದ್ದಳು. ಬೀಗರು ವ್ಯಾನಿನ ಕಿಟಕಿಯಿಂದ ತಲೆ ಹಾಕಿ ಓದಿದರು. ‘ಬ್ರಿಟಿಷ್ ಸರ್ಕಾರಕ್ಕೇ ಊರೊಳಗೆ ಬರಬ್ಯಾಡ ಅಂದ ಊರಿನೋರು ನಾವು. ಒಂದು ಚೀಟಿಗೆ ಹೆದರ್ತೀವೇನ್ರೀ’ ಎಂದು ನನಗೆ ಕೈಮುಗಿದು, ಆದರೂ ಮಾಸ್ಕನ್ನು ಮೂಗಿನ ಮೇಲೆ ಸರಿಯಾಗಿ ಏರಿಸಿಕೊಂಡು ಮುಂದೆ ಹೋದರು.

ಮುಹೂರ್ತ ಹತ್ತೂ ನಲವತ್ತಕ್ಕೆ. ಹತ್ತೂ ಹದಿನೈದಕ್ಕೆ ಯಲ್ಲಪ್ಪನವರು ತಲೆ ಎಣಿಸಲು ಬಂದರು. ಮುಂದಿನದನ್ನು ನಾನು ದೂರದಿಂದ ಕಂಡದ್ದು. ಮಾತುಗಳನ್ನು ಆಮೇಲೆ ನಾಗವೇಣಿ ಹೇಳಿದ್ದು. ಎಣಿಸಿದರೆ ಐವತ್ತಾರು. ಆನಂದಪ್ಪ, ನಮ್ಮವರು ನಲವತ್ತೊಂಬತ್ತೇ, ಜಗಲಿ ಮೇಲಿನ ಏಳು ಜನ ಬಸ್ಸಿಗೆ ಕಾಯುತ್ತಿರುವವರು ಎಂದ. ಬಸ್‌ಸ್ಟ್ಯಾಂಡ್ ಅಲ್ಲಿ ಇದೆಯಲ್ಲ ಎಂದರು ಯಲ್ಲಪ್ಪನವರು. ‘ಅದು ಮನೆ ಅಂತ ಚೀಟಿ ಅಂಟ್ಸಿದ್ದು ನೀವೇ ಅಲ್ವ’ ಎಂದ ಆನಂದಪ್ಪ. ಯಲ್ಲಪ್ಪನವರು ಯೋಚಿಸಿದರು. ಅವರು ನ್ಯಾಯವಂತರು, ತರ್ಕವನ್ನು ಅರ್ಧಕ್ಕೆ ಬಿಡುವವರಲ್ಲ. ‘ಹೌದ್ರಿ. ಅದು ಮನಿ. ಹಂಗಾರೆ ಇದು ಬಸ್‌ಸ್ಟ್ಯಾಂಡು. ಸಾರ್ವಜನಿಕ ಜಾಗದಾಗ ಮದುವಿ ಮಾಡಂಗಿಲ್ರಿ’ ಎಂದುಬಿಟ್ಟರು.

ವಾಲಗ ನಿಂತಿತು. ಹಸೆಮಣೆಯ ಮೇಲಿದ್ದ ರೇಣುಕಾ ಅತ್ತದ್ದು ನನಗೆ ಕೇಳಲಿಲ್ಲ, ಆದರೆ ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದುದು ಕಾಣುತ್ತಿತ್ತು. ಆ ಗುಂಪಿನಿಂದ ಒಬ್ಬ ಹೊರಬಿದ್ದು, ರೇಷ್ಮೆ ಪಂಚೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ನನ್ನ ಕಡೆ ಓಡಿಬಂದ. ಆನಂದಪ್ಪ. ಮೈಲಿಕಲ್ಲಿನ ಹತ್ತಿರ ನಿಂತ. ಈ ಸಲ ಮುಖ ನನ್ನ ಕಡೆಗಿತ್ತು. ಏದುಸಿರು ಬಿಡುತ್ತಾ, ‘ಭಾವ, ಒಂದು ಅರ್ಜಿ’ ಎಂದ.

ನಾನು ಬರೆದೆ. ಉಕ್ತ ಮನೆಯ ಜಗಲಿಯ ಹೊರಅಂಚಿನಿಂದ ಮೂರು ಅಡಿಯವರೆಗಿನ ಭಾಗವನ್ನು ಮಾತ್ರ ತಾತ್ಕಾಲಿಕ ಬಸ್ ನಿಲ್ದಾಣವೆಂದು ಪರಿಗಣಿಸಿ, ಹೊಸ್ತಿಲಿನಿಂದ ಒಳಗಿನ ಭಾಗವನ್ನು ಮನೆಯೆಂದೇ ಮುಂದುವರಿಸಿ, ನಿಲ್ದಾಣದಲ್ಲಿರುವ ಏಳು ಜನರನ್ನು ಸಾರಿಗೆ ಸಂಸ್ಥೆಯ ಲೆಕ್ಕಕ್ಕೂ, ಮನೆಯಲ್ಲಿರುವ ನಲವತ್ತೊಂಬತ್ತು ಜನರನ್ನು ಮದುವೆಯ ಲೆಕ್ಕಕ್ಕೂ ತೆಗೆದುಕೊಳ್ಳಬೇಕಾಗಿ ವಿನಂತಿ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ನಾನು ಅಷ್ಟು ವೇಗವಾಗಿ ಬರೆದಿಲ್ಲ. ಆದರೂ ಅಕ್ಷರಗಳು ದುಂಡಗೇ ಬಂದವು. ಕಾಗದವನ್ನು ರಸ್ತೆಯ ಮಧ್ಯೆ ಕಲ್ಲಿನ ಕೆಳಗಿಟ್ಟೆ. ಹಿಂದೆಯೇ ಬಂದಿದ್ದ ಯಲ್ಲಪ್ಪನವರು ಅದನ್ನು ಕೈಗವಸಿನಲ್ಲಿ ಎತ್ತಿ, ನಿಯಮದಂತೆ ಮೊದಲು ಸ್ಯಾನಿಟೈಸರ್ ಸಿಂಪಡಿಸಿದರು. ಶಾಯಿ ಪೂರ್ತಿ ಹರಿದುಹೋಗಿ ‘ಮಾನ್ಯರೇ’ ಎಂಬುದೊಂದು ಉಳಿಯಿತು. ಅವರು ಅದನ್ನೇ ಎರಡು ಸಲ ಓದಿದರು. ‘ಆತ್ ಬಿಡ್ರಿ. ಕೊಟ್ಟಿದ್ದಕ್ಕೆ ಒಂದು ಕಾಗದ ಐತಲ್ಲ, ಸಾಕು’ ಎಂದು ಮಡಿಚಿ ಜೇಬಿಗಿಟ್ಟುಕೊಂಡರು. ಆಮೇಲೆ ಕೈಲಿದ್ದ ಹಳೆಯ ಪಟ್ಟಿ ನೋಡುತ್ತಾ, ‘ಐವತ್ತನೇದು ಶಿವರಾಮ ಅಂತ ಐತಲ್ರಿ. ಅವರು ಎಲ್ಲಿ?’ ಎಂದರು. ‘ಅವರು ಅವರ ಮನೇಲಿ ಅವ್ರೆ’ ಎಂದು ಆನಂದಪ್ಪ ನನ್ನ ಕಡೆ ಕೈ ತೋರಿಸಿದ. ಯಲ್ಲಪ್ಪನವರು ಹಿಡಿದಿದ್ದ ಹಾಳೆ ನನಗೆ ಕಾಣುತ್ತಿತ್ತು: ನನ್ನ ನಲವತ್ತೊಂಬತ್ತು ದುಂಡು ಹೆಸರುಗಳ ಕೆಳಗೆ, ಓರೆಕೋರೆ ಅಕ್ಷರದಲ್ಲಿ, ನನ್ನದು.

ಮುಹೂರ್ತ ಮೀರದೆ ತಾಳಿ ಕಟ್ಟಿಸಿದರು. ಹನ್ನೊಂದು ಗಂಟೆಯ ಹೊತ್ತಿಗೆ ಮದುಮಕ್ಕಳು ನಡೆದುಕೊಂಡು ನನ್ನ ಮನೆಗೆ ಬಂದರು. ರಸ್ತೆಯಾಚೆ ನಿಂತು, ಬಗ್ಗಿ ಡಾಂಬರಿಗೆ ನಮಸ್ಕಾರ ಮಾಡಿದರು. ಅವರ ಹಿಂದೆ ನಾಗವೇಣಿ, ಆನಂದಪ್ಪ, ಹಾಗೂ ಫೋಟೊಗ್ರಾಫರಿಗೆ ಹೆದರಿ ಮಂಟಪದ ಹತ್ತಿರವೂ ಸುಳಿಯದೆ ಹಿತ್ತಲಲ್ಲೇ ಉಳಿದಿದ್ದ ಅತ್ತೆ ದುರ್ಗಮ್ಮನವರು. ನಾನು ಬೆಳಿಗ್ಗೆ ಬುತ್ತಿಯ ಮುಚ್ಚಳದಲ್ಲಿ ಬಂದಿದ್ದ ಅಕ್ಕಿಕಾಳನ್ನೇ ಅಕ್ಷತೆಯೆಂದು ಗಾಳಿಗೆ ಎಸೆದೆ; ಅರ್ಧ ದಾರಿಯಲ್ಲಿ ಬಿತ್ತು. ಆಗ, ಗಂಟೆ ಹನ್ನೊಂದಾದ್ದರಿಂದ, ತಾವು ಕೂಗಿದಿರಿ. ನಾನು ಫೋನು ಎತ್ತಿ, ರಸ್ತೆಗೆ ಬೆನ್ನು ಹಾಕಿ ಹಿಡಿದೆ. ‘ಹಾಜರಿ, ಹಾಜರಿ’ ಎಂದು ಅತ್ತೆ ಎಲ್ಲರನ್ನೂ ಎಚ್ಚರಿಸಿದರು. ಪರದೆಯ ಮೇಲೆ ನನ್ನ ಮುಖ, ಹೆಗಲಿನಾಚೆ ಮದುಮಕ್ಕಳು, ಬೆವತ ಆನಂದಪ್ಪ, ಪಕ್ಕದಲ್ಲಿ ಸೆರಗು ಎಳೆದುಕೊಳ್ಳದೆ, ಗದ್ದ ಎತ್ತಿ,

‘ಬಂದೀನಿ’ ಎಂದು ಜೋರಾಗಿ ಹೇಳಿ ನಗುತ್ತಿದ್ದ ದುರ್ಗಮ್ಮನವರು.

ತಾವು ಆ ಫೋಟೊ ತೆಗೆದುಕೊಂಡಿರಿ. ‘ಒಂದಕ್ಕಿಂತ ಹೆಚ್ಚು ಮುಖಗಳು ಪತ್ತೆಯಾಗಿವೆ. ಫೋಟೊ ತಿರಸ್ಕರಿಸಲಾಗಿದೆ. ಉಲ್ಲಂಘನೆ ದಾಖಲಾಗಿದೆ’ ಎಂದಿರಿ. ತಮ್ಮ ಲೆಕ್ಕದಲ್ಲಿ ಅದು ಎರಡನೆಯದು. ಮೂರನೆಯದಕ್ಕೆ ನಾನು ಅವಕಾಶ ಕೊಡಲಿಲ್ಲ. ಗಂಟಲಿನ ಪರೀಕ್ಷೆ ನೆಗೆಟಿವ್ ಬಂತು. ಹದಿನಾಲ್ಕು ದಿನ ಮುಗಿದ ಬೆಳಿಗ್ಗೆ ತಾವು ಅಭಿನಂದಿಸಿದಿರಿ. ನಾನು ಬೈಕು ತೆಗೆದುಕೊಂಡು ಶಿಕಾರಿಪುರಕ್ಕೆ ಬರುವ ಬದಲು ಇನ್ನೂರು ಹೆಜ್ಜೆ ನಡೆದುಹೋಗಿ, ಆನಂದಪ್ಪ ಚೊಂಬಿನಿಂದ ಸುರಿದ ನೀರಿನಲ್ಲಿ ಕೈ ತೊಳೆದುಕೊಂಡು, ಊಟಕ್ಕೆ ಕೂತೆ. ಇಪ್ಪತ್ತು ಸೆಕೆಂಡು ತೊಳೆಯಬೇಕೆಂಬ ಸೂಚನೆಯಿತ್ತು. ಅವನು ಅದಕ್ಕಿಂತ ಬಹಳ ಹೊತ್ತು ಸುರಿದ.

ಅತ್ತೆ ದುರ್ಗಮ್ಮನವರು ಕಳೆದ ವರ್ಷ ಕಾರ್ತೀಕದಲ್ಲಿ ತೀರಿಕೊಂಡರು. ಯಾವ ಸೋಂಕೂ ಅಲ್ಲ, ವಯಸ್ಸು. ಗೋಡೆಗೆ ಹಾಕಲು ಫೋಟೊ ಹುಡುಕಿದರೆ ಮನೆಯಲ್ಲಿ ಒಂದೂ ಇಲ್ಲ. ಪಿಂಚಣಿ ಕಾರ್ಡಿನದೊಂದು ಇತ್ತು. ಅದರಲ್ಲಿ ಅವರು ಯಾರೋ ಗದರಿಸಿದಂತೆ ಕಣ್ಣಗಲಿಸಿ ಕೂತಿದ್ದಾರೆ. ಅದನ್ನೇ ದೊಡ್ಡದು ಮಾಡಿಸಿ ಹಾಕಿದ್ದೇವೆ. ಆನಂದಪ್ಪ ಆ ಗೋಡೆಯ ಕಡೆ ಬೆನ್ನು ಹಾಕಿ ಉಣ್ಣುತ್ತಾನೆ. ಶಿಕಾರಿಪುರದ ಮಾರುಕಟ್ಟೆಗೆ ಬಂದಾಗಲೆಲ್ಲ ನನ್ನ ಮರದ ಕೆಳಗೆ ಒಂದು ಗಳಿಗೆ ನಿಂತು, ‘ಬಂತಾ ಭಾವ?’ ಎಂದು ಕೇಳುತ್ತಾನೆ. ಇನ್ನೂ ಇಲ್ಲ ಎನ್ನುತ್ತೇನೆ. ‘ಇನ್ನೊಂದು ಬರೀರಿ’ ಎಂದು ಹೋಗುತ್ತಾನೆ.

ನಾನು ಬರೆಯುತ್ತಲೇ ಇದ್ದೇನೆ. ಮಾಹಿತಿ ಹಕ್ಕಿನಲ್ಲಿ ಕೇಳಿದಾಗ ಬಂದ ಮೊದಲ ಉತ್ತರದ ಪ್ರಕಾರ ತಾವು ಸೇವೆಯಿಂದ ನಿವೃತ್ತರಾಗಿದ್ದೀರಿ. ಎರಡನೆಯ ಉತ್ತರದ ಪ್ರಕಾರ ಉಲ್ಲಂಘನೆಯ ಫೋಟೊಗಳನ್ನು ಸುರಕ್ಷಿತವಾಗಿ ಇಡಲಾಗಿದ್ದು, ಉಲ್ಲಂಘಿಸಿದವರ ದಾಖಲಿತ ಮನೆಯ ವಿಳಾಸಕ್ಕೆ ಮಾತ್ರ ಕಳಿಸಲು ಅವಕಾಶವಿದೆ. ಅದರಂತೆ ರಿಜಿಸ್ಟರ್ಡ್ ಲಕೋಟೆಯೊಂದನ್ನು ಬಸ್ ನಿಲ್ದಾಣಕ್ಕೆ ಕಳಿಸಲಾಗಿ, ಅಂಚೆಯವರು ಮೂರು ದಿನ ಹೋಗಿ ನೋಡಿ, ‘ವಾಸವಿಲ್ಲ’ ಎಂದು ಬರೆದು ವಾಪಸು ಮಾಡಿದ್ದಾರೆ. ಆದ್ದರಿಂದ ಸದರಿ ನಿಲ್ದಾಣವನ್ನು ನನ್ನ ಖಾಯಂ ವಾಸಸ್ಥಳವೆಂದು ಒಪ್ಪಿ ಖಾತೆ ಮಾಡಿಕೊಡಬೇಕೆಂದೂ, ಅದಕ್ಕೆ ಬಾಗಿಲು ಸಂಖ್ಯೆ ನೀಡಬೇಕೆಂದೂ, ಬಾಗಿಲು ಇಲ್ಲದ್ದರಿಂದ ಮೊದಲು ಒಂದು ಬಾಗಿಲು ಮಂಜೂರು ಮಾಡಬೇಕೆಂದೂ, ಅಷ್ಟು ಆಗದಿದ್ದಲ್ಲಿ ನನ್ನನ್ನು ಇನ್ನೊಮ್ಮೆ ಹದಿನಾಲ್ಕು ದಿನ ಅಲ್ಲಿಯೇ ಕ್ವಾರಂಟೈನ್ ಮಾಡಿ, ಲಕೋಟೆ ಬಂದ ದಿನ ಬಿಡುಗಡೆ ಮಾಡಬೇಕೆಂದೂ ಪ್ರಾರ್ಥಿಸುತ್ತೇನೆ. ಉಳಿದ ಇನ್ನೂರ ಚಿಲ್ಲರೆ ಫೋಟೊಗಳಲ್ಲಿ ನಾನೊಬ್ಬನೇ ಇರುವುದರಿಂದ ಅವುಗಳನ್ನು ತಾವೇ ಇಟ್ಟುಕೊಳ್ಳಬಹುದು. ನಿಯಮದ ಪ್ರಕಾರ ಸರಿಯಾಗಿರುವ ಅವೆಲ್ಲವೂ ತಮಗಿರಲಿ. ತಪ್ಪಾದ ಆ ಒಂದನ್ನು ನಮಗೆ ಕೊಡಿ.

ಗಂಟೆಗೊಮ್ಮೆ ಕರೆದರೆ ಇಂದಿಗೂ ಓಗೊಡುವ,
ತಮ್ಮ ವಿಶ್ವಾಸಿ,
ಶಿವರಾಮ

ಮರೆತ ಮಾತು: ಫೋಟೊದ ಪ್ರತಿ ಕೋರುವ ಅರ್ಜಿಯ ಜೊತೆ ಅರ್ಜಿದಾರರ ಇತ್ತೀಚಿನ ಎರಡು ಫೋಟೊ ಲಗತ್ತಿಸಬೇಕೆಂದು ತಮ್ಮ ನಮೂನೆಯಲ್ಲಿ ಕೇಳಿರುವುದರಿಂದ, ನಿನ್ನೆಯೇ ಸ್ಟುಡಿಯೋಗೆ ಹೋಗಿ ತೆಗೆಸಿ ಲಗತ್ತಿಸಿದ್ದೇನೆ. ಅವನ್ನು ಹೋಲಿಸಿ, ಆ ದಿನದ ಮುಖಕ್ಕೂ ಈ ಮುಖಕ್ಕೂ ಹೊಂದಾಣಿಕೆಯಿಲ್ಲವೆಂದು ತಮಗೆ ಕಂಡುಬಂದರೆ, ದಯಮಾಡಿ ತಿರಸ್ಕರಿಸುವ ಮುನ್ನ ಒಮ್ಮೆ ಸರಿಯಾಗಿ ನೋಡಬೇಕು. ಆ ದಿನದ ಫೋಟೊದಲ್ಲಿ ನಾನು ನಗುತ್ತಿದ್ದೇನೆ.